ಮಗ್ದಲದ ಮರಿಯಳು ಹೊತ್ತ ಅಪವಾದ

ಒಬ್ಬ ಹೆಂಗಸಿಗೆ ಕೆಟ್ಟ ಹೆಸರು ಬರಲು ಎಷ್ಟು ಹೊತ್ತು ಬೇಕು? ನಮ್ಮ ಬೀದಿಯ ಲೆಕ್ಕದಲ್ಲಾದರೆ ನಲ್ಲಿಯಲ್ಲಿ ನೀರು ಬಂದು ನಿಲ್ಲುವಷ್ಟು ಹೊತ್ತು ಸಾಕು. ಬಂದ ಹೆಸರು ಹೋಗಲು ಎಷ್ಟು ಕಾಲ ಬೇಕು ಎಂಬ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿರುವುದಿಲ್ಲ. ಆದರೆ ಚರಿತ್ರೆಯಲ್ಲಿ ಒಬ್ಬ ಹೆಂಗಸಿನ ಮಟ್ಟಿಗೆ ಈ ಲೆಕ್ಕ ಇಸವಿ ಸಮೇತ ಸಿಗುತ್ತದೆ. ಅವಳ ಮೇಲಿನ ಅಪವಾದ ಗಟ್ಟಿಯಾದದ್ದು ಕ್ರಿ.ಶ. 591ರಲ್ಲಿ, ರೋಮ್ ನಗರದ ಒಂದು ಪ್ರವಚನದಲ್ಲಿ. ಆ ಅಪವಾದವನ್ನು ಅದೇ ಧರ್ಮಪೀಠ ಸದ್ದಿಲ್ಲದೆ ಕೈಬಿಟ್ಟದ್ದು 1969ರಲ್ಲಿ. ನಡುವೆ ಕಳೆದದ್ದು 1378 ವರ್ಷ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಹಾಗೆ.

ಆ ಹೆಂಗಸು ಮಗ್ದಲದ ಮರಿಯಳು. ಇಂಗ್ಲಿಷಿನಲ್ಲಿ ಮೇರಿ ಮ್ಯಾಗ್ಡಲೀನ್. ಬೈಬಲ್ ಓದದವರೂ ಈ ಹೆಸರನ್ನು ಕೇಳಿರುತ್ತಾರೆ. ಕೇಳಿದವರಿಗೆ ತಟ್ಟನೆ ನೆನಪಾಗುವುದು ಹೀಗೆ: ಅವಳೊಬ್ಬ ವೇಶ್ಯೆ, ಯೇಸುವಿನ ಕಾಲಿಗೆ ಬಿದ್ದು ಅತ್ತಳು, ಪಾವನಳಾದಳು. ನಾನೂ ಇದನ್ನೇ ಕೇಳುತ್ತ ಬೆಳೆದವಳು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವರೂ ಇದನ್ನೇ ಹೇಳಿದ್ದರು. ಚಿತ್ರಕಲೆಯ ಪುಸ್ತಕಗಳಲ್ಲಿ ಕಾಣುವವಳೂ ಇವಳೇ. ಹದಿನಾರನೆಯ ಶತಮಾನದ ಟಿಷಿಯನ್ ಬರೆದ ಚಿತ್ರದಲ್ಲಿ ಕೂದಲು ಹರಡಿಕೊಂಡು, ಕಣ್ಣೀರು ತುಂಬಿಕೊಂಡು ಆಕಾಶ ನೋಡುವವಳು. ಅತಿಯಾಗಿ ಅಳುಮುಂಜಿಯಾದದ್ದಕ್ಕೆ ಇಂಗ್ಲಿಷಿನಲ್ಲಿ ‘ಮಾಡ್ಲಿನ್’ ಎಂಬ ಪದವೇ ಇದೆ. ಅದು ಹುಟ್ಟಿದ್ದೂ ಇವಳ ಹೆಸರಿನಿಂದ.

ನಾನು ಕ್ರೈಸ್ತಳಲ್ಲ. ಪ್ರೌಢಶಾಲೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಚರಿತ್ರೆ ಕಲಿಸುತ್ತಿರುವ ಉಪಾಧ್ಯಾಯಿನಿ. ಆದ್ದರಿಂದ ನಂಬಿಕೆಯ ಬಗ್ಗೆ ಮಾತಾಡುವ ಅಧಿಕಾರ ನನಗಿಲ್ಲ. ಓದುವ ರೀತಿಯ ಬಗ್ಗೆ ಮಾತ್ರ ನಾಲ್ಕು ಮಾತು ಹೇಳಬಹುದು, ಏಕೆಂದರೆ ನಮ್ಮ ಕಸುಬೇ ಅದು. ಪಠ್ಯಪುಸ್ತಕದಲ್ಲಿ ಏನಿದೆ, ಗೈಡಿನಲ್ಲಿ ಏನಿದೆ ಎಂಬ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸುವುದರಲ್ಲೇ ನಮ್ಮ ಅರ್ಧ ಆಯುಸ್ಸು ಕಳೆದಿರುತ್ತದೆ. ಮಕ್ಕಳು ಗೈಡನ್ನು ಬಾಯಿಪಾಠ ಮಾಡಿ ಬಂದು, “ಪುಸ್ತಕದಲ್ಲೇ ಇದೆ ಮಿಸ್” ಎಂದು ಆಣೆ ಇಡುತ್ತಾರೆ. ಮರಿಯಳ ವಿಷಯದಲ್ಲಿ ದೊಡ್ಡ ದೊಡ್ಡ ಪಂಡಿತರೂ ಹಾಗೇ ಆಣೆ ಇಟ್ಟಿದ್ದಾರೆ.

ನನಗೆ ಇದರ ಕುತೂಹಲ ಹುಟ್ಟಿಸಿದವರು ನಮ್ಮ ಶಾಲೆಯ ಕ್ರೈಸ್ತ ಸಹೋದ್ಯೋಗಿಯೊಬ್ಬರು. ಊಟದ ಬಿಡುವಿನಲ್ಲಿ ಏನೋ ಮಾತಿಗೆ ನಾನು ಮರಿಯಳನ್ನು ‘ಪತಿತೆ’ ಎಂದಾಗ ಅವರು ಡಬ್ಬಿ ಮುಚ್ಚಿ, “ಅದು ಎಲ್ಲಿ ಬರೆದಿದೆ ತೋರಿಸಿ ಮೇಡಂ” ಎಂದರು. ಮಾರನೆಯ ದಿನ ತಮ್ಮ ಮನೆಯ ಕನ್ನಡ ಬೈಬಲನ್ನೇ ತಂದು ಕೊಟ್ಟರು. ರಟ್ಟಿಗೆ ಕಂದು ಕಾಗದದ ಹೊದಿಕೆ ಹಾಕಿದ, ಅಂಚು ಸವೆದ ಪುಸ್ತಕ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೇ ಇಡೀ ಬೈಬಲ್ ಕನ್ನಡದಲ್ಲಿ ಬಂದಿತ್ತು. ಇಷ್ಟು ಕಾಲದಿಂದ ನಮ್ಮ ಭಾಷೆಯಲ್ಲೇ ಇರುವ ಪುಸ್ತಕವನ್ನು ನಾನು ಬೇಸಿಗೆ ರಜೆಯಲ್ಲಿ ಮೊದಲ ಸಲ ನಿಧಾನವಾಗಿ ಓದಿದೆ.

ಬೈಬಲ್ ಒಂದು ಪುಸ್ತಕವಲ್ಲ, ಪುಸ್ತಕಗಳ ಗಂಟು. ಪ್ರಾಟೆಸ್ಟಂಟರ ಬೈಬಲಿನಲ್ಲಿ 66, ಕ್ಯಾಥೊಲಿಕರದರಲ್ಲಿ 73 ಪುಸ್ತಕಗಳು. ಹಳೆಯ ಒಡಂಬಡಿಕೆ ಬಹುಪಾಲು ಹೀಬ್ರೂ ಭಾಷೆಯದು, ಹೊಸ ಒಡಂಬಡಿಕೆ ಗ್ರೀಕಿನದು. ಯೇಸುವಿನ ಜೀವನವನ್ನು ಹೇಳುವ ಸುವಾರ್ತೆಗಳೇ ನಾಲ್ಕು: ಮತ್ತಾಯ, ಮಾರ್ಕ, ಲೂಕ, ಯೋಹಾನ. ನಾಲ್ಕೂ ಒಂದೇ ಕಥೆಯನ್ನು ಹೇಳಿದರೂ ಒಂದೇ ರೀತಿ ಹೇಳುವುದಿಲ್ಲ. ಒಂದೇ ಮನೆಯ ಮದುವೆಯನ್ನು ನಾಲ್ವರು ಅಕ್ಕತಂಗಿಯರು ನಾಲ್ಕು ಬಗೆಯಾಗಿ ಹೇಳುವಂತೆ ಅಂದುಕೊಳ್ಳಿ. ಅವರ ಮಾತನ್ನು ಒಂದೊಂದಾಗಿ ಕೇಳುವುದು ಬೇರೆ. ಒಬ್ಬಳು ಬಿಟ್ಟದ್ದನ್ನು ಇನ್ನೊಬ್ಬಳ ಮಾತಿನಿಂದ ತುಂಬಿ ಐದನೆಯ ಕಥೆ ಕಟ್ಟುವುದು ಬೇರೆ. ಮರಿಯಳ ಮೇಲೆ ಅಪವಾದ ಬಂದದ್ದು ಈ ಐದನೆಯ ಕಥೆಯಿಂದ.

ಹಾಗಾದರೆ ಪುಸ್ತಕದಲ್ಲಿ ಇರುವುದೇನು? ಲೂಕನ ಸುವಾರ್ತೆಯ 8ನೆಯ ಅಧ್ಯಾಯದ ಆರಂಭದಲ್ಲಿ ಮರಿಯಳ ಪರಿಚಯ ಬರುತ್ತದೆ. ಯೇಸು ಊರೂರು ತಿರುಗುವಾಗ ಹನ್ನೆರಡು ಮಂದಿ ಶಿಷ್ಯರ ಜೊತೆಗೆ ಕೆಲವು ಹೆಂಗಸರೂ ಇದ್ದರು. ಅವರು ದುರಾತ್ಮಗಳ ಕಾಟದಿಂದ, ರೋಗಗಳಿಂದ ಗುಣ ಹೊಂದಿದವರು. ಅವರಲ್ಲಿ ಏಳು ದೆವ್ವಗಳು ಬಿಟ್ಟುಹೋದ ಮಗ್ದಲದ ಮರಿಯಳು, ಹೆರೋದ ಅರಸನ ಅಧಿಕಾರಿ ಕೂಜನ ಹೆಂಡತಿ ಯೋವಾನಳು, ಸುಸನ್ನಳು, ಇನ್ನೂ ಅನೇಕರು. ತಮ್ಮ ಸ್ವಂತ ಹಣದಿಂದ ಆ ತಂಡವನ್ನು ನಡೆಸಿದವರು ಇವರು. ಎರಡು ಸಾವಿರ ವರ್ಷಗಳ ಹಿಂದೆ ಊರೂರು ತಿರುಗುವ ಗುರುವಿನ ಬಳಗದ ಖರ್ಚನ್ನು ಹೆಂಗಸರು ಹೊತ್ತಿದ್ದರು ಎಂಬುದನ್ನು ನನಗೆ ಯಾವ ಪಾಠದಲ್ಲೂ ಯಾರೂ ಹೇಳಿರಲಿಲ್ಲ.

ಆಮೇಲೆ ಮರಿಯಳು ಕಾಣಿಸಿಕೊಳ್ಳುವುದು ಕೊನೆಯಲ್ಲಿ. ಯೇಸುವನ್ನು ಹಿಡಿದಾಗ ಶಿಷ್ಯರೆಲ್ಲ ಬಿಟ್ಟು ಓಡಿಹೋದರು ಎನ್ನುತ್ತಾನೆ ಮಾರ್ಕ. ಶಿಲುಬೆಯ ಬಳಿ ನಿಂತವರಲ್ಲಿ ಮರಿಯಳಿದ್ದಾಳೆ. ಸಮಾಧಿ ಮಾಡಿದ ಸ್ಥಳವನ್ನು ಗುರುತಿಟ್ಟುಕೊಂಡವರಲ್ಲಿ ಇದ್ದಾಳೆ. ಮೂರನೆಯ ದಿನ ಸಮಾಧಿ ಬರಿದಾಗಿರುವುದನ್ನು ಕಂಡವರಲ್ಲಿ ನಾಲ್ಕು ಸುವಾರ್ತೆಗಳೂ ಅವಳ ಹೆಸರನ್ನು ಹೇಳುತ್ತವೆ. ಯೋಹಾನನ ಪ್ರಕಾರ ಪುನರುತ್ಥಾನವಾದ ಯೇಸುವನ್ನು ಮೊದಲು ಕಂಡವಳು ಅವಳೇ, ಆ ಸುದ್ದಿಯನ್ನು ಶಿಷ್ಯರಿಗೆ ತಲುಪಿಸಿದವಳೂ ಅವಳೇ. ಹೆಂಗಸರ ಮಾತನ್ನು ಶಿಷ್ಯರು ನಂಬಲಿಲ್ಲ, ಹರಟೆ ಎಂದುಕೊಂಡರು ಎಂದು ಲೂಕ ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ.

ಇಷ್ಟೇ. ವೇಶ್ಯೆ ಎಂಬ ಮಾತಿಲ್ಲ, ಪಾಪಿ ಎಂಬ ಮಾತಿಲ್ಲ. ಹಿಂದೆ ಮುಂದೆ ಪುಟ ತಿರುವಿದೆ. ಎಲ್ಲೂ ಇಲ್ಲ.

ಮತ್ತೆ ಆ ಕಥೆ ಎಲ್ಲಿಂದ ಬಂತು? ಲೂಕನ 7ನೆಯ ಅಧ್ಯಾಯದಲ್ಲಿ, ಮರಿಯಳ ಪರಿಚಯಕ್ಕೆ ಸ್ವಲ್ಪ ಮುಂಚೆ, ಹೆಸರಿಲ್ಲದ ಒಬ್ಬ ಹೆಂಗಸು ಬರುತ್ತಾಳೆ. ಊರಿನಲ್ಲಿ ಪಾಪಿ ಎನಿಸಿಕೊಂಡವಳು. ಫರಿಸಾಯನಾದ ಸೀಮೋನನ ಮನೆಯಲ್ಲಿ ಯೇಸು ಊಟಕ್ಕೆ ಕೂತಿರುವಾಗ ಆಕೆ ಅವನ ಪಾದವನ್ನು ಕಣ್ಣೀರಿನಿಂದ ತೊಯ್ಯಿಸಿ, ಕೂದಲಿನಿಂದ ಒರೆಸಿ, ಸುಗಂಧ ತೈಲ ಹಚ್ಚುತ್ತಾಳೆ. ಇನ್ನು ಯೋಹಾನನ ಸುವಾರ್ತೆಯಲ್ಲಿ ಬೇಥಾನ್ಯದ ಮರಿಯಳು ಬರುತ್ತಾಳೆ, ಮಾರ್ಥಳ ತಂಗಿ, ಲಾಜರನ ಸೋದರಿ. ಅವಳೂ ಯೇಸುವಿನ ಪಾದಕ್ಕೆ ತೈಲ ಹಚ್ಚಿ ಕೂದಲಿನಿಂದ ಒರೆಸುತ್ತಾಳೆ. ಅವಳಿಗೆ ಮರಿಯಳೆಂಬ ಹೆಸರಿದೆ, ಪಾಪಿ ಎಂಬ ಮಾತಿಲ್ಲ. ಅವಳ ಊರು ಜೆರುಸಲೇಮಿನ ಮಗ್ಗುಲಲ್ಲಿದೆ. ಮಗ್ದಲವಾದರೋ ದೂರದ ಗಲಿಲಾಯ ಸರೋವರದ ದಡದಲ್ಲಿದ್ದ ಮೀನುಗಾರರ ಊರು. 2009ರಲ್ಲಿ ಅಲ್ಲಿ ಅಗೆದಾಗ ಅದೇ ಕಾಲದ ಯಹೂದಿ ಪ್ರಾರ್ಥನಾ ಮಂದಿರವೊಂದು ಸಿಕ್ಕಿತು.

ಹೀಗೆ ಮೂವರು ಹೆಂಗಸರು. ಒಬ್ಬಳಿಗೆ ಪಾಪ ಇದೆ, ಹೆಸರಿಲ್ಲ. ಇನ್ನೊಬ್ಬಳಿಗೆ ಹೆಸರಿದೆ, ತೈಲ ಇದೆ, ಪಾಪವಿಲ್ಲ. ಮೂರನೆಯವಳಿಗೆ ಹೆಸರಿದೆ, ದೆವ್ವಗಳಿವೆ, ತೈಲವೂ ಇಲ್ಲ ಪಾಪವೂ ಇಲ್ಲ. ಸಮಾಧಿಗೆ ಅವಳು ಸುಗಂಧದ್ರವ್ಯ ಕೊಂಡೊಯ್ದದ್ದು ಬೇರೆ ಮಾತು. ಮೂವರನ್ನೂ ಒಬ್ಬಳೆಂದು ಮಾಡಿದರೆ ಮೊದಲಿನವಳ ಪಾಪ ಮೂರನೆಯವಳ ತಲೆಗೆ ಬರುತ್ತದೆ. 591ರ ಪ್ರವಚನದಲ್ಲಿ ಪೋಪ್ ಗ್ರೆಗೊರಿ ಮಾಡಿದ್ದು ಇದನ್ನೇ. ಏಳು ದೆವ್ವಗಳೆಂದರೆ ಎಲ್ಲ ದುರ್ಗುಣಗಳು ಎಂದು ಅವರು ಅರ್ಥ ಹೇಳಿದರು. ಹಿಂದೆ ತನ್ನ ಮೈಗೆ ಪೂಸಿಕೊಳ್ಳುತ್ತಿದ್ದ ಸುಗಂಧವನ್ನೇ ಈಗ ದೇವರಿಗೆ ಅರ್ಪಿಸಿದಳು ಎಂದು ವಿವರಿಸಿದರು.

ಗ್ರೆಗೊರಿಯವರ ಮೇಲೆ ಸಿಟ್ಟು ಮಾಡುವ ಮೊದಲು ಅವರ ಕಾಲವನ್ನೂ ನೋಡಬೇಕು. ಹಿಂದಿನ ವರ್ಷವೇ ಪ್ಲೇಗು ರೋಮನ್ನು ಹಿಂಡಿತ್ತು. ಅವರಿಗಿಂತ ಮುಂಚಿನ ಪೋಪ್ ಅದರಲ್ಲೇ ತೀರಿಹೋಗಿದ್ದರು. ಹೊರಗೆ ಲೊಂಬಾರ್ಡರ ದಾಳಿಯ ಭಯ. ಸಾವಿನ ನಡುವೆ ನಿಂತ ಜನಕ್ಕೆ, ಎಂಥ ಪಾಪಿಗೂ ಕ್ಷಮೆಯುಂಟು ಎಂಬ ಧೈರ್ಯ ಹೇಳಬೇಕಿತ್ತು. ಅದಕ್ಕೆ ಒಂದು ಕಥೆ ಬೇಕಿತ್ತು. ಆಗಿನ ಗ್ರಂಥಗಳಲ್ಲಿ ಈಗಿನಂತೆ ಅಧ್ಯಾಯಗಳ ವಿಂಗಡಣೆಯೂ ಇರಲಿಲ್ಲ. ಅದು ಬಂದದ್ದು 13ನೆಯ ಶತಮಾನದ ಆರಂಭದಲ್ಲಿ. ಪಾಪಿ ಹೆಂಗಸಿನ ಕಥೆ ಮುಗಿದ ಕೂಡಲೇ ಮರಿಯಳ ಹೆಸರು ಬರುವುದರಿಂದ ಇಬ್ಬರನ್ನೂ ಒಬ್ಬಳೆಂದುಕೊಳ್ಳುವುದು ಸುಲಭ. ಮೇಲಾಗಿ ಆ ಕಾಲದ ಯಹೂದಿ ಹೆಂಗಸರಲ್ಲಿ ಮರಿಯಳೆಂಬ ಹೆಸರು ಅತಿ ಸಾಮಾನ್ಯ. ದಾಖಲೆಗಳಲ್ಲಿ ಸಿಗುವ ಹೆಸರುಗಳನ್ನು ಎಣಿಸಿದರೆ ಸುಮಾರು ಐವರಲ್ಲಿ ಒಬ್ಬಳು ಮರಿಯಳೇ. ನನ್ನ ಒಂದೇ ತರಗತಿಯಲ್ಲಿ ಒಂದು ವರ್ಷ ನಾಲ್ವರು ಲಕ್ಷ್ಮಿಯರಿದ್ದರು. ಒಬ್ಬಳ ಚೇಷ್ಟೆಗೆ ಇನ್ನೊಬ್ಬಳ ಮನೆಗೆ ದೂರು ಹೋಗುವುದು ಎಷ್ಟು ಸಲೀಸು ಎಂಬುದು ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಆದರೂ ಎಚ್ಚರದಿಂದ ಓದುವವರಿಗೆ ಮೂರು ಸೂಚನೆಗಳು ಅಲ್ಲೇ ಇದ್ದವು. ಮೊದಲನೆಯದು, ಲೂಕ ಮರಿಯಳನ್ನು ಹೊಸಬಳನ್ನು ಪರಿಚಯ ಮಾಡಿಸುವಂತೆ ಊರು, ಹಿನ್ನೆಲೆ ಸಮೇತ ಪರಿಚಯಿಸುತ್ತಾನೆ. ಈಗಷ್ಟೇ ಬಂದುಹೋದ ಹೆಂಗಸೇ ಇವಳಾಗಿದ್ದರೆ ಹಾಗೆ ಮಾಡಬೇಕಿರಲಿಲ್ಲ.

ಎರಡನೆಯದು ಏಳು ದೆವ್ವಗಳ ಮಾತು. ಒಂದು ಪದದ ಅರ್ಥ ತಿಳಿಯಬೇಕಾದರೆ ಅದೇ ಪುಸ್ತಕದಲ್ಲಿ ಅದು ಬೇರೆ ಕಡೆ ಹೇಗೆ ಬಂದಿದೆ ಎಂದು ನೋಡಬೇಕು. ಇದು ಯಾವ ಹಳೆಯ ಗ್ರಂಥವನ್ನು ಓದುವಾಗಲೂ ಪಾಲಿಸಬೇಕಾದ ನಿಯಮ. ಸುವಾರ್ತೆಗಳಲ್ಲಿ ದೆವ್ವ ಹಿಡಿದವರು ಅನೇಕರು ಬರುತ್ತಾರೆ. ನೆಲಕ್ಕೆ ಬಿದ್ದು ನೊರೆ ಕಾರುವ ಹುಡುಗನಿದ್ದಾನೆ, ಸಮಾಧಿಗಳ ನಡುವೆ ಅಲೆಯುವ ಗಂಡಸಿದ್ದಾನೆ. ಅವರನ್ನು ಯಾರೂ ನಡತೆಗೆಟ್ಟವರೆಂದು ಹೇಳುವುದಿಲ್ಲ, ಕಾಯಿಲೆಯವರೆಂದು ಮರುಗುತ್ತಾರೆ. ಮೂರ್ಛೆರೋಗದ ಒಬ್ಬ ಹುಡುಗಿ ನಮ್ಮ ಶಾಲೆಯಲ್ಲಿದ್ದಳು. ಅವಳ ಅಜ್ಜಿ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ್ದರು. ಆದರೆ ಆ ಅಜ್ಜಿಯೂ ಮೊಮ್ಮಗಳ ನಡತೆಯ ಮೇಲೆ ಒಂದು ಮಾತು ಆಡಿದವರಲ್ಲ. ಗಂಡಸಿಗೆ ದೆವ್ವ ಹಿಡಿದರೆ ರೋಗ, ಹೆಂಗಸಿಗೆ ಹಿಡಿದರೆ ಸೂಳೆಗಾರಿಕೆ ಎಂದು ಅರ್ಥ ಮಾಡುವುದಕ್ಕೆ ಪುಸ್ತಕದಲ್ಲಿ ಆಧಾರವಿಲ್ಲ. ಆ ಅರ್ಥ ಓದುವವರ ತಲೆಯಿಂದ ಬಂದದ್ದು.

ಮೂರನೆಯದು, ಪೂರ್ವದ ಕ್ರೈಸ್ತ ಸಭೆಗಳು ಈ ಮೂವರನ್ನು ಒಂದು ಮಾಡಲೇ ಇಲ್ಲ. ಗ್ರೀಕ್ ಸಂಪ್ರದಾಯದಲ್ಲಿ ಅವರು ಬೇರೆ ಬೇರೆ ಹೆಂಗಸರಾಗಿಯೇ ಉಳಿದರು. ಅಂದರೆ ಬೇರೆ ರೀತಿ ಓದುವುದು ಆ ಕಾಲಕ್ಕೆ ಅಸಾಧ್ಯವೇನೂ ಆಗಿರಲಿಲ್ಲ.

ಪಶ್ಚಿಮದಲ್ಲಿ ಮಾತ್ರ ವ್ಯಾಖ್ಯಾನವೇ ಮೂಲವಾಗಿಬಿಟ್ಟಿತು. 1611ರಲ್ಲಿ ಇಂಗ್ಲೆಂಡಿನ ಅರಸ ಜೇಮ್ಸನ ಕಾಲದಲ್ಲಿ ಅಚ್ಚಾದ ಬೈಬಲನ್ನೇ ನೋಡಿ. ಅದನ್ನು ತಂದವರು ಪೋಪರನ್ನು ಒಪ್ಪದ ಪ್ರಾಟೆಸ್ಟಂಟರು. ಆದರೂ ಲೂಕನ 7ನೆಯ ಅಧ್ಯಾಯದ ಮೇಲೆ ಅಚ್ಚು ಹಾಕಿದ ಸಾರಾಂಶದಲ್ಲಿ ಆ ಹೆಸರಿಲ್ಲದ ಹೆಂಗಸಿಗೆ ಮೇರಿ ಮ್ಯಾಗ್ಡಲೀನ್ ಎಂದು ಹೆಸರಿಟ್ಟರು. ಕೆಳಗೆ ಮೂಲದಲ್ಲಿ ಹೆಸರಿಲ್ಲ, ಮೇಲೆ ಸಾರಾಂಶದಲ್ಲಿ ಇದೆ. ಎರಡೂ ಒಂದೇ ಹಾಳೆಯಲ್ಲಿ, ಒಂದೇ ರಟ್ಟಿನೊಳಗೆ. ಮನೆಯಲ್ಲಿ ದೀಪದ ಮುಂದೆ ಕೂತು ಓದಿದ ತಾಯಂದಿರಿಗೆ ಯಾವುದು ದೇವರ ಮಾತು, ಯಾವುದು ಅಚ್ಚು ಹಾಕಿದವರ ಮಾತು ಎಂದು ಹೇಗೆ ತಿಳಿಯಬೇಕು? ಗೈಡು ಪಠ್ಯದೊಳಗೆ ಸೇರಿಕೊಂಡರೆ ಮಕ್ಕಳ ಗತಿ ಏನಾಗುತ್ತದೋ ಅದೇ ಆಯಿತು.

ಹಾಗೆಂದು ಯಾರೂ ಕೇಳಲೇ ಇಲ್ಲವೆಂದಲ್ಲ. 1517ರಲ್ಲಿ ಫ್ರಾನ್ಸಿನ ವಿದ್ವಾಂಸ ಜಾಕ್ ಲೆಫೆವ್ರ್ ದೆತಾಪ್ಲ್ ಮರಿಯಳ ಬಗ್ಗೆ ಒಂದು ಪುಸ್ತಕ ಬರೆದು, ಇವರು ಮೂವರು ಬೇರೆ ಬೇರೆ ಹೆಂಗಸರು ಎಂದು ವಾದಿಸಿದ. ಯೂರೋಪಿನ ಪಂಡಿತರ ನಡುವೆ ದೊಡ್ಡ ಜಗಳವೇ ಎದ್ದಿತು. ಇಂಗ್ಲೆಂಡಿನ ಬಿಷಪ್ ಜಾನ್ ಫಿಷರ್ 1519ರಲ್ಲಿ ಅವನನ್ನು ಖಂಡಿಸಿ ಬರೆದರು. 1521ರಲ್ಲಿ ಪ್ಯಾರಿಸಿನ ಧರ್ಮಶಾಸ್ತ್ರ ಪಂಡಿತರ ಮಂಡಳಿ ಲೆಫೆವ್ರನ ಮಾತು ತಪ್ಪೆಂದು ತೀರ್ಪು ಕೊಟ್ಟಿತು. ಫಿಷರರ ಆತಂಕ ನನಗೆ ಅರ್ಥವಾಗುತ್ತದೆ. ಇಷ್ಟು ಶತಮಾನಗಳಿಂದ ಗುರುಗಳು ಹೇಳಿಕೊಂಡು ಬಂದದ್ದು, ಜನ ಹಾಡಿ ಅತ್ತದ್ದು ತಪ್ಪೆಂದರೆ, ಗುರುಗಳ ಮಿಕ್ಕ ಮಾತುಗಳನ್ನು ಜನ ನಂಬುವುದು ಹೇಗೆ? ಗ್ರಂಥವನ್ನು ಅರ್ಥೈಸುವುದರಲ್ಲಿ ಇರುವ ನಿಜವಾದ ಕಷ್ಟ ಇದು. ಭಾಷೆಯ ತೊಡಕನ್ನು ನಿಘಂಟು ಬಿಡಿಸುತ್ತದೆ. ಹಿರಿಯರ ಮಾತಿನ ಭಾರವನ್ನು ಯಾವ ನಿಘಂಟು ಇಳಿಸುತ್ತದೆ? ಒಂದು ಕಂಬ ತೆಗೆದರೆ ಮಾಡೇ ಕುಸಿಯುತ್ತದೆಂದು ಹೆದರಿ, ಗೆದ್ದಲು ಹಿಡಿದ ಕಂಬವನ್ನೂ ಹಾಗೇ ಬಿಡುವವರು ಎಲ್ಲ ಧರ್ಮಗಳಲ್ಲೂ ಎಲ್ಲ ಮನೆಗಳಲ್ಲೂ ಇದ್ದಾರೆ.

ಇದೆಲ್ಲ ಪಂಡಿತರ ಜಗಳ, ನಮಗೇನು ಎಂದು ನೀವು ಕೇಳಬಹುದು. ಈ ಜಗಳದ ಬಿಸಿ ತಟ್ಟಿದ್ದು ಪಂಡಿತರಿಗಲ್ಲ, ಬಡ ಹೆಣ್ಣುಮಕ್ಕಳಿಗೆ. ‘ದಾರಿ ತಪ್ಪಿದವರನ್ನು’ ಸರಿದಾರಿಗೆ ತರುವ ಆಶ್ರಮಗಳಿಗೆ ಯೂರೋಪಿನಲ್ಲಿ ಮ್ಯಾಗ್ಡಲೀನಳ ಹೆಸರನ್ನೇ ಇಟ್ಟರು. ಲಂಡನ್ನಿನಲ್ಲಿ 1758ರಲ್ಲಿ ಒಂದು ತೆರೆಯಿತು, ಡಬ್ಲಿನ್ನಿನಲ್ಲಿ 1767ರಲ್ಲಿ ಇನ್ನೊಂದು. ಐರ್ಲೆಂಡಿನಲ್ಲಿ ಇಂಥವು ಮುಂದೆ ದೊಡ್ಡ ಲಾಂಡ್ರಿಗಳಾದವು. ಮದುವೆಯಿಲ್ಲದೆ ಬಸುರಾದವರನ್ನು, ಅನಾಥೆಯರನ್ನು, ಮನೆಯವರಿಗೆ ಬೇಡವಾದವರನ್ನು, ಮಾತು ಕೇಳದ ಹುಡುಗಿಯರನ್ನು ಅಲ್ಲಿಗೆ ತಂದು ಬಿಡುತ್ತಿದ್ದರು. ಕೂಲಿಯಿಲ್ಲದೆ ಊರಿನ ಬಟ್ಟೆ ಒಗೆಯುವುದು ಅವರ ಪ್ರಾಯಶ್ಚಿತ್ತ. ಅನೇಕರಿಗೆ ಒಳಗೆ ಕಾಲಿಟ್ಟ ಕೂಡಲೇ ಬೇರೆ ಹೆಸರು ಇಡುತ್ತಿದ್ದರು. 1922ರಿಂದ 1996ರವರೆಗೆ ಸುಮಾರು 10,000 ಹೆಣ್ಣುಮಕ್ಕಳು ಆ ಬಾಗಿಲುಗಳನ್ನು ದಾಟಿ ಒಳಗೆ ಹೋದರೆಂದು ಅಲ್ಲಿನ ಸರ್ಕಾರದ ವರದಿಯೇ 2013ರಲ್ಲಿ ಹೇಳಿತು. 1993ರಲ್ಲಿ ಡಬ್ಲಿನ್ನಿನ ಅಂಥ ಒಂದು ಕಾನ್ವೆಂಟಿನ ಜಾಗ ಮಾರಿದಾಗ ಅಲ್ಲಿನ ಸಮಾಧಿಗಳಿಂದ 155 ಹೆಂಗಸರ ಅವಶೇಷಗಳನ್ನು ಮೇಲೆತ್ತಬೇಕಾಯಿತು. ಅವರಲ್ಲಿ ಹಲವರ ಸಾವು ದಾಖಲೆಯಲ್ಲಿಯೇ ಇರಲಿಲ್ಲ. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರ ಅಕ್ಟೋಬರಿನಲ್ಲಿ. 2013ರ ಫೆಬ್ರವರಿ 19ರಂದು ಪ್ರಧಾನಿ ಎಂಡಾ ಕೆನಿ ಸಂಸತ್ತಿನಲ್ಲಿ ಆ ಹೆಂಗಸರ ಕ್ಷಮೆ ಕೇಳಿದರು.

ಈ ಎಲ್ಲ ಸಂಕಟಕ್ಕೂ ಒಂದು ಪ್ರವಚನವೇ ಕಾರಣ ಎಂದರೆ ಅನ್ಯಾಯವಾದೀತು. ಬಡತನ, ಗಂಡಸರ ಕಾನೂನು, ಮನೆತನದ ಮರ್ಯಾದೆಯ ಭಯ ಎಲ್ಲವೂ ಸೇರಿದ್ದವು. ಆದರೆ ಹೆಣ್ಣು ತಪ್ಪು ಮಾಡಿದರೆ ಜೀವನಪೂರ್ತಿ ಅಳುತ್ತಿರಬೇಕು ಎಂಬುದಕ್ಕೆ ಒಂದು ಪವಿತ್ರವಾದ ಮಾದರಿ ಬೇಕಿತ್ತಲ್ಲ. ಅದನ್ನು ಒದಗಿಸಿದ್ದು ಈ ತಪ್ಪು ಓದು. ಸುವಾರ್ತೆಯ ಪಾಪಿ ಹೆಂಗಸಿಗಾದರೂ ಯೇಸು ಹೇಳಿದ್ದು ಸಮಾಧಾನದಿಂದ ಹೋಗು ಎಂಬರ್ಥದ ಮಾತು. ಬಟ್ಟೆ ಒಗೆಯಲು ಕೂಡಿಹಾಕಿ ಎಂದು ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ.

1969ರಲ್ಲಿ ಕ್ಯಾಥೊಲಿಕ್ ಸಭೆ ತನ್ನ ಹಬ್ಬಗಳ ಪಂಚಾಂಗವನ್ನು ಪರಿಷ್ಕರಿಸಿತು. ಜುಲೈ 22 ಮರಿಯಳ ದಿನ. ಅಂದು ಓದುತ್ತಿದ್ದ ಪಾಪಿ ಹೆಂಗಸಿನ ಭಾಗವನ್ನು ತೆಗೆದು, ಸಮಾಧಿಯ ಬಳಿ ಮರಿಯಳು ಯೇಸುವನ್ನು ಕಂಡ ಭಾಗವನ್ನು ಇಟ್ಟರು. 2016ರಲ್ಲಿ ಪೋಪ್ ಫ್ರಾನ್ಸಿಸರ ಇಚ್ಛೆಯಂತೆ ಆ ದಿನಕ್ಕೆ ಅಪೊಸ್ತಲರ ಹಬ್ಬಗಳಿಗೆ ಸಮನಾದ ಸ್ಥಾನ ಸಿಕ್ಕಿತು. ಅಪೊಸ್ತಲರಿಗೇ ಸುದ್ದಿ ತಂದ ಅಪೊಸ್ತಲಳು ಎಂಬ ಬಿರುದು ಅವಳಿಗೆ ಹೊಸದೇನಲ್ಲ, 13ನೆಯ ಶತಮಾನದ ಥಾಮಸ್ ಅಕ್ವೈನಸರೂ ಅದನ್ನು ಬಳಸಿದ್ದರು. ಒಂದೇ ಸಭೆಯ ಒಳಗೆ ಎರಡೂ ಓದುಗಳು ಶತಮಾನಗಳ ಕಾಲ ಒಟ್ಟಿಗೆ ಇದ್ದವು. ಜನರ ಬಾಯಿಗೆ ರುಚಿಸಿದ್ದು ಮಾತ್ರ ಒಂದೇ.

ಇನ್ನೂ ಒಂದು ತಮಾಷೆ ಇದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳೆಂದು ಜನ ಕಲ್ಲೆಸೆಯಲು ನಿಂತ ಹೆಂಗಸಿನ ಕಥೆ ಯೋಹಾನನ ಸುವಾರ್ತೆಯಲ್ಲಿದೆ. ಅವಳೂ ಮರಿಯಳೇ ಎಂದು ಸಿನಿಮಾದವರು ತೋರಿಸಿದರು. ಆ ಹೆಂಗಸಿಗೂ ಹೆಸರಿಲ್ಲ. ಅಷ್ಟೇ ಅಲ್ಲ, ನಾಲ್ಕನೆಯ ಶತಮಾನದ ಅತಿ ಹಳೆಯ ಎರಡು ಹಸ್ತಪ್ರತಿಗಳಲ್ಲಿ ಆ ಕಥೆಯೇ ಇಲ್ಲ. ಗ್ರಂಥವನ್ನು ಅರ್ಥೈಸುವವರು ಹಸ್ತಪ್ರತಿಗಳನ್ನೂ ಹೋಲಿಸಿ ನೋಡಬೇಕೆನ್ನುವುದು ಇದಕ್ಕೇ. ಇನ್ನು 2003ರಲ್ಲಿ ಬಂದ ‘ದ ಡಾ ವಿಂಚಿ ಕೋಡ್’ ಕಾದಂಬರಿ ಅವಳನ್ನು ಯೇಸುವಿನ ಹೆಂಡತಿಯನ್ನಾಗಿ ಮಾಡಿತು. ನಮ್ಮೂರ ಹುಡುಗಿಯರೂ ಅದನ್ನು ಓದಿ, ಮುಚ್ಚಿಟ್ಟ ಸತ್ಯ ಹೊರಬಂತು ಎಂದು ಪಿಸುಗುಟ್ಟಿದರು. ಸುವಾರ್ತೆಗಳಲ್ಲಿ ಅದಕ್ಕೂ ಒಂದಕ್ಷರ ಆಧಾರವಿಲ್ಲ. ಹಳೆಯವರು ವೇಶ್ಯೆ ಎಂದರು, ಹೊಸಬರು ಹೆಂಡತಿ ಎಂದರು. ಗುರುವಿನ ಮಾತು ಕೇಳಿ ಮನಸ್ಸು ಮೆಚ್ಚಿ, ಗಂಟಿನಲ್ಲಿದ್ದ ಹಣ ಬಿಚ್ಚಿ ಜೊತೆಗೆ ಹೊರಟ ಹೆಂಗಸು ಎಂದರೆ ಯಾರಿಗೂ ಸಾಲಲಿಲ್ಲ. ಪೇತ್ರ ದೋಣಿ ಬಿಟ್ಟು ಹೊರಟಾಗ ಅವನ ಮನಸ್ಸಿನಲ್ಲಿ ಬೇರೇನಿತ್ತು ಎಂದು ಯಾರಾದರೂ ಕೇಳಿದರೇ?

ಕನ್ನಡ ಬೈಬಲು ಓದಿದ್ದರಿಂದ ನನಗೊಂದು ಲಾಭವಾಯಿತು. ಮ್ಯಾಗ್ಡಲೀನ್ ಎಂದರೆ ಅದೇನೋ ಮನೆತನದ ಹೆಸರು ಅಥವಾ ಬಿರುದು ಎಂದು ನಾನು ತಿಳಿದಿದ್ದೆ. ಕನ್ನಡದಲ್ಲಿ ‘ಮಗ್ದಲದ ಮರಿಯಳು’ ಎಂದು ಓದಿದಾಗ ಅದು ಊರಿನ ಹೆಸರು ಎಂಬುದು ಒಂದೇ ಏಟಿಗೆ ತಿಳಿಯಿತು. ನಾವೂ ಶಿರಸಿ ಅತ್ತೆ, ದಾವಣಗೆರೆ ಚಿಕ್ಕಮ್ಮ ಎನ್ನುತ್ತೇವಲ್ಲ. ಸುವಾರ್ತೆಗಳ ಉಳಿದ ಮರಿಯಳರನ್ನು ನೋಡಿ: ಯೇಸುವಿನ ತಾಯಿ, ಯಾಕೋಬನ ತಾಯಿ, ಕ್ಲೋಪನ ಹೆಂಡತಿ, ಮಾರ್ಥಳ ತಂಗಿ. ಇವಳೊಬ್ಬಳಿಗೇ ತಂದೆ, ಗಂಡ, ಮಗ ಯಾರ ಹೆಸರೂ ಅಂಟಿಲ್ಲ. ಯಾವ ಗಂಡಸಿನ ಗುರುತೂ ಇಲ್ಲದ ಹೆಂಗಸು ಕಂಡರೆ ಊರಿನ ಕಣ್ಣು ಅವಳಿಗೊಂದು ಕಥೆ ಕಟ್ಟದೆ ಬಿಡುವುದಿಲ್ಲ. ಒಬ್ಬಳೇ ಬಾಡಿಗೆ ಮನೆ ಹಿಡಿದ ಟೀಚರಿಗೋ, ನರ್ಸಿಗೋ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಯಾವ ಧರ್ಮದ ಗ್ರಂಥವೇ ಆಗಲಿ, ಅದರ ಹೆಸರಿನಲ್ಲಿ ಯಾರಾದರೂ ಹೆಣ್ಣಿನ ಮೇಲೆ ಮಾತು ಹೊರಿಸಿದಾಗ ನಾವು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಅದು ಮೂಲದಲ್ಲಿದೆಯೋ, ಮೇಲೆ ಬರೆದ ಸಾರಾಂಶದಲ್ಲಿದೆಯೋ? ಆ ಪದಕ್ಕೆ ಅದೇ ಗ್ರಂಥ ಬೇರೆ ಕಡೆ ಏನು ಅರ್ಥ ಕೊಟ್ಟಿದೆ? ಗಂಡಸಿನ ಬಗ್ಗೆ ಅದೇ ಮಾತು ಬಂದಾಗ ಅದೇ ಅರ್ಥ ಮಾಡುತ್ತೇವೆಯೇ? ಮೊದಲು ಹಾಗೆ ಓದಿದವರು ಯಾರು, ಅವರಿಗೆ ಆಗ ಏನು ಬೇಕಾಗಿತ್ತು? ಇವನ್ನು ಕೇಳುವುದಕ್ಕೆ ಗ್ರೀಕು, ಹೀಬ್ರೂ ಬೇಕಿಲ್ಲ. ನಮ್ಮ ಸಹೋದ್ಯೋಗಿಯವರಂತೆ ಎಲ್ಲಿ ಬರೆದಿದೆ ತೋರಿಸಿ ಎನ್ನುವಷ್ಟು ಧೈರ್ಯ ಸಾಕು. ಅವರ ಭಕ್ತಿಗೆ ಆ ಪ್ರಶ್ನೆಯಿಂದ ಯಾವ ಕುಂದೂ ಬಂದದ್ದನ್ನು ನಾನು ಕಾಣೆ. ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು ಅವರು.

ಯೋಹಾನನ ಸುವಾರ್ತೆಯ ಆ ಬೆಳಗಿನ ಭಾಗವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಸಮಾಧಿಯ ಹೊರಗೆ ಅಳುತ್ತ ನಿಂತ ಮರಿಯಳು ಎದುರಿಗಿದ್ದವನನ್ನು ತೋಟದ ಮಾಲಿಯೆಂದುಕೊಳ್ಳುತ್ತಾಳೆ. ಆತ ಹೆಚ್ಚೇನೂ ಹೇಳುವುದಿಲ್ಲ. ಅವಳ ಹೆಸರು ಹಿಡಿದು ಕರೆಯುತ್ತಾನೆ, ಅಷ್ಟೇ. ಅವಳು ತಿರುಗಿ, ಗುರುವೇ ಎಂಬರ್ಥದ ತನ್ನ ಮಾತೃಭಾಷೆಯ ಪದದಿಂದ ಅವನಿಗೆ ಓಗೊಡುತ್ತಾಳೆ. ಡಬ್ಲಿನ್ನಿನ ಆ ಸಮಾಧಿಗಳಲ್ಲಿ ಮಲಗಿದ್ದವರನ್ನೂ ಅವರವರ ತಾಯಂದಿರು ಇಟ್ಟ ಹೆಸರಿನಿಂದ ಕರೆಯುವವರು ಯಾರಾದರೂ ಇದ್ದಿದ್ದರೆ ಎನಿಸುತ್ತದೆ.